ಪೌಸಸ್ ಜೀರುಂಡೆಗಳ ವರ್ಗೀಕರಣ: ಗುರುತು ಮತ್ತು ಸಂಬಂಧಗಳ ಚರಿತ್ರೆ

ಜೀವಿಗಳ ವರ್ಗೀಕರಣದಲ್ಲಿ ಎರಡು ಬೇರೆ ಬೇರೆ ಕಾರ್ಯಗಳು ಅಡಕವಾಗಿವೆ. ಕೈಗೆ ದೊರೆತ ಮಾದರಿ ಯಾವುದೆಂದು ಗುರುತಿಸುವುದು ಮೊದಲನೆಯದು. ಅದು ಯಾವ ಬಳಗಕ್ಕೆ ಸೇರಿದುದೆಂದು ನಿರ್ಣಯಿಸುವುದು ಎರಡನೆಯದು. ಸಾಮಾನ್ಯವಾಗಿ ಈ ಎರಡೂ ಕಾರ್ಯಗಳಿಗೆ ಒಂದೇ ಲಕ್ಷಣ ಸಾಕೆಂದು ಭಾವಿಸಲಾಗುತ್ತದೆ. ಕಣ್ಣಿಗೆ ಎದ್ದು ಕಾಣುವ ಅಂಗವೇ ಗುರುತಿನ ಚಿಹ್ನೆಯಾಗುತ್ತದೆ, ಅದೇ ಬಾಂಧವ್ಯದ ಪ್ರಮಾಣವೂ ಆಗುತ್ತದೆ. ಆದರೆ ಕೀಟಶಾಸ್ತ್ರದ ಚರಿತ್ರೆಯಲ್ಲಿ ಈ ಭಾವನೆ ಸುಳ್ಳಾದ ಸಂದರ್ಭಗಳು ಹಲವು. ಅವುಗಳಲ್ಲಿ ಪೌಸಸ್ ಎಂಬ ಜೀರುಂಡೆಯ ಜಾತಿಯ ಪ್ರಸಂಗ ವಿಶೇಷವಾಗಿ ಪರಿಶೀಲನೆಗೆ ಅರ್ಹವಾದುದು. (ಇಲ್ಲಿ ‘ಜಾತಿ’ ಎಂಬ ಪದವನ್ನು ಹಲವು ಪ್ರಭೇದಗಳನ್ನು ಒಳಗೊಂಡ ಗುಂಪು ಎಂಬ ಶಾಸ್ತ್ರೀಯ ಅರ್ಥದಲ್ಲಿ ಬಳಸಲಾಗಿದೆ.)

ಪೌಸಸ್ ಇರುವೆಗಳ ಗೂಡಿನಲ್ಲಿ ವಾಸಿಸುವ ಸಣ್ಣ ಜೀರುಂಡೆ. ಆಫ್ರಿಕಾ, ಮಡಗಾಸ್ಕರ್, ದಕ್ಷಿಣ ಯೂರೋಪು, ಭಾರತ ಮತ್ತು ಆಗ್ನೇಯ ಏಷ್ಯಾಗಳಲ್ಲಿ ಇದರ 300ಕ್ಕೂ ಹೆಚ್ಚು ಪ್ರಭೇದಗಳು ಹರಡಿಕೊಂಡಿವೆ. ಬದುಕಿನ ಬಹುಭಾಗವನ್ನು ನೆಲದೊಳಗೆ ಕಳೆಯುವುದರಿಂದ ಇದು ಜನಸಾಮಾನ್ಯರಿಗೆ ಅಪರಿಚಿತ, ಕೀಟಸಂಗ್ರಾಹಕರಿಗೂ ವಿರಳ. ಇದರ ಕುಡಿಮೀಸೆಯ ವಿಚಿತ್ರ ರೂಪವೇ ವಿದ್ವಾಂಸರ ಗಮನವನ್ನು ಸೆಳೆಯಿತು. ಆದರೆ ಆ ಕುಡಿಮೀಸೆಯೇ ಒಂದೂವರೆ ಶತಮಾನದ ಕಾಲ ಇದರ ನಿಜವಾದ ಬಂಧುಗಳನ್ನು ಮರೆಮಾಡಿತು. ಈ ಬೆಳವಣಿಗೆಯ ಹಂತಗಳನ್ನು ಗುರುತಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

1. ಹೆಸರಿನ ಹುಟ್ಟು

ಪೌಸಸ್ ಜಾತಿಯನ್ನು ಸ್ಥಾಪಿಸಿದವರು ಸ್ವೀಡನ್ನಿನ ಕಾರ್ಲ್ ಲಿನೇಯಸ್. 1775ರಲ್ಲಿ ಉಪ್ಸಾಲ ವಿಶ್ವವಿದ್ಯಾಲಯದಲ್ಲಿ ಅವರ ಅಧ್ಯಕ್ಷತೆಯಲ್ಲಿ ಆಂಡ್ರಿಯಾಸ್ ಡಾಲ್ ಎಂಬ ವಿದ್ಯಾರ್ಥಿ ಮಂಡಿಸಿದ ‘ಬಿಗೆ ಇನ್ಸೆಕ್ಟೋರಂ’ ಎಂಬ ಕಿರುಪ್ರಬಂಧದಲ್ಲಿ ಈ ಹೆಸರು ಮೊದಲ ಬಾರಿಗೆ ಕಾಣಿಸಿಕೊಂಡಿತು. ‘ಬಿಗ’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಎರಡು ಕುದುರೆಗಳನ್ನು ಹೂಡಿದ ರಥ. ಎರಡು ಅಪೂರ್ವ ಕೀಟಜಾತಿಗಳನ್ನು ಒಟ್ಟಿಗೆ ವಿವರಿಸಿದ್ದರಿಂದ ಪ್ರಬಂಧಕ್ಕೆ ಈ ಹೆಸರು. ಒಂದು, ಉದ್ದನೆಯ ಕಡ್ಡಿಗಳ ತುದಿಯಲ್ಲಿ ಕಣ್ಣುಗಳಿರುವ ಡಯಾಪ್ಸಿಸ್ ಎಂಬ ನೊಣ. ಮತ್ತೊಂದು, ಉಬ್ಬಿದ ಕುಡಿಮೀಸೆಯ ಪೌಸಸ್ ಜೀರುಂಡೆ. ಲಿನೇಯಸ್ ವಿವರಿಸಿದ ಪ್ರಭೇದಕ್ಕೆ ‘ಪೌಸಸ್ ಮೈಕ್ರೋಸೆಫಾಲಸ್’, ಅಂದರೆ ಸಣ್ಣ ತಲೆಯ ಪೌಸಸ್ ಎಂಬ ಹೆಸರು ದೊರೆಯಿತು.

ಆ ವೇಳೆಗೆ ಲಿನೇಯಸ್ ಅವರಿಗೆ 68 ವರ್ಷ, ಆರೋಗ್ಯ ಕುಸಿದಿತ್ತು. 1778ರಲ್ಲಿ ಅವರು ನಿಧನರಾದರು. ‘ಪೌಸಸ್’ ಎಂಬ ಪದಕ್ಕೆ ನಿಲುಗಡೆ ಅಥವಾ ವಿರಾಮ ಎಂಬ ಅರ್ಥದ ಗ್ರೀಕ್ ಪದವೇ ಮೂಲವಿರಬೇಕೆಂದು ಅವರ ಶಿಷ್ಯ ಆಡಂ ಅಫ್ಜೀಲಿಯಸ್ ಮುಂದೆ ಊಹಿಸಿದರು. ವೃದ್ಧ ಗುರುಗಳು ತಮ್ಮ ದೀರ್ಘ ಪರಿಶ್ರಮಕ್ಕೆ ಇಲ್ಲಿಗೆ ವಿರಾಮವೆಂದು ಸೂಚಿಸಿರಬಹುದು ಎಂಬುದು ಶಿಷ್ಯನ ಅಭಿಪ್ರಾಯ. ಊಹೆ ಏನೇ ಇರಲಿ, ಕೀಟಗಳ ಮಟ್ಟಿಗೆ ಲಿನೇಯಸ್ ವಿವರಿಸಿದ ಕೊನೆಯ ಜಾತಿ ಇದೆಂದು ಅಫ್ಜೀಲಿಯಸ್ ಹೇಳಿರುವುದು ಗಮನಾರ್ಹ.

2. ಜೀವಂತ ಜೀರುಂಡೆ ಮತ್ತು ಭಾರತದ ಮಾದರಿಗಳು

ಲಿನೇಯಸ್ ಕಂಡದ್ದು ಒಣಗಿದ ಮಾದರಿಯನ್ನು ಮಾತ್ರ. ಜೀವಂತ ಪೌಸಸ್ಸನ್ನು ನೋಡಿ ಬರೆದ ಮೊದಲಿಗರಲ್ಲಿ ಅಫ್ಜೀಲಿಯಸ್ ಪ್ರಮುಖರು. 1792ರಿಂದ ಕೆಲವು ವರ್ಷಗಳ ಕಾಲ ಅವರು ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನಿನಲ್ಲಿ ಸಸ್ಯಶಾಸ್ತ್ರಜ್ಞರಾಗಿ ಕೆಲಸ ಮಾಡಿದರು. ಲಂಡನ್ನಿನ ಲಿನಿಯನ್ ಸೊಸೈಟಿಯ ಪತ್ರಿಕೆಯಲ್ಲಿ 1798ರಲ್ಲಿ ಪ್ರಕಟವಾದ ಅವರ ಲೇಖನ ಪೌಸಸ್ ಜಾತಿಯನ್ನು ಕುರಿತ ಮೊದಲ ವಿಸ್ತಾರವಾದ ಅಧ್ಯಯನ. ಅದರಲ್ಲಿ ಗೋಳಾಕಾರದ ಕುಡಿಮೀಸೆಯುಳ್ಳ ‘ಪೌಸಸ್ ಸ್ಫೀರೋಸೆರಸ್’ ಎಂಬ ಹೊಸ ಪ್ರಭೇದದ ವಿವರಣೆಯಿದೆ. ಒಂದು ರಾತ್ರಿ ಕತ್ತಲಲ್ಲಿ ಈ ಜೀರುಂಡೆಯ ಕುಡಿಮೀಸೆಯ ಗೋಳಗಳು ದೀಪಗಳಂತೆ ಮಂದವಾಗಿ ಹೊಳೆದುವೆಂದು ಅವರು ದಾಖಲಿಸಿದರು. ಅನಂತರದ ಯಾವ ಸಂಶೋಧನೆಯೂ ಇದನ್ನು ಸ್ಥಿರಪಡಿಸಿಲ್ಲ. ಆದರೂ ಈ ಹೇಳಿಕೆ ಬಹುಕಾಲ ಗ್ರಂಥದಿಂದ ಗ್ರಂಥಕ್ಕೆ ಸಾಗಿಬಂದಿತು. ಕುಡಿಮೀಸೆಯ ವೈಚಿತ್ರ್ಯದ ಮೇಲೆ ವಿದ್ವಾಂಸರ ಲಕ್ಷ್ಯ ಎಷ್ಟು ನೆಟ್ಟಿತ್ತೆಂಬುದಕ್ಕೆ ಇದು ಒಂದು ನಿದರ್ಶನ.

ಭಾರತದ ಪೌಸಸ್‌ಗಳು ಶಾಸ್ತ್ರಕ್ಕೆ ಪರಿಚಯವಾದದ್ದು ಹೆಚ್ಚು ತಡವಾಗಿಯೇನಲ್ಲ. ಎಡ್ವರ್ಡ್ ಡೊನೊವನ್ ಅವರು 1800 ಮತ್ತು 1804ರ ನಡುವೆ ಲಂಡನ್ನಿನಲ್ಲಿ ಪ್ರಕಟಿಸಿದ ಭಾರತೀಯ ಕೀಟಗಳ ಸಚಿತ್ರ ಗ್ರಂಥದಲ್ಲಿ ಪೌಸಸ್ ಫಿಕ್ಟೆಲಿ, ಪೌಸಸ್ ಥೊರಾಸಿಕಸ್, ಪೌಸಸ್ ಪಿಲಿಕಾರ್ನಿಸ್ ಮೊದಲಾದ ಪ್ರಭೇದಗಳು ಸ್ಥಾನ ಪಡೆದುವು. ಡೊನೊವನ್ ಭಾರತಕ್ಕೆ ಬಂದವರಲ್ಲ. ಇತರರು ತಂದ ಮಾದರಿಗಳನ್ನು ನೋಡಿ ಚಿತ್ರಿಸಿದವರು. ಹೀಗಾಗಿ ಅವರ ಗ್ರಂಥದಿಂದ ಜೀರುಂಡೆಯ ಬಣ್ಣ ಮತ್ತು ಆಕಾರ ತಿಳಿಯುತ್ತವೆಯೇ ಹೊರತು ಅದು ಯಾವ ಗೂಡಿನಲ್ಲಿ, ಯಾವ ಇರುವೆಯೊಡನೆ ಇತ್ತೆಂಬುದು ತಿಳಿಯುವುದಿಲ್ಲ. ಆ ಕೊರತೆ ತುಂಬಲು ದೇಶದೊಳಗೇ ಇದ್ದು ಅವಲೋಕಿಸುವವರು ಬೇಕಾಗಿದ್ದರು. 1843ರಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಕ್ಯಾಪ್ಟನ್ ಬಾಯ್ಸ್ ಎಂಬ ಸೈನ್ಯಾಧಿಕಾರಿ ಪೌಸಿಡೀಗಳನ್ನು ಕುರಿತು ಬರೆದ ಲೇಖನ ಆ ದಿಸೆಯಲ್ಲಿ ಒಂದು ಮುಖ್ಯ ಹೆಜ್ಜೆ.

3. ಕುಟುಂಬ ನಿರ್ಣಯದ ತೊಡಕು

ಪ್ರಭೇದಗಳ ಸಂಖ್ಯೆ ಹೆಚ್ಚಿದಂತೆ ಇವನ್ನು ಜೀರುಂಡೆಗಳ ಯಾವ ವಿಭಾಗಕ್ಕೆ ಸೇರಿಸಬೇಕೆಂಬ ಪ್ರಶ್ನೆ ಮುಂದೆ ಬಂದಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪ್ರಚಲಿತವಾಗಿದ್ದ ಕ್ರಮವೆಂದರೆ ಪಾದದ ಗೆಣ್ಣುಗಳನ್ನು ಎಣಿಸುವುದು. ಫ್ರಾನ್ಸಿನ ಜೆಫ್ರಾಯ್ 1762ರಲ್ಲಿ ಈ ವಿಧಾನಕ್ಕೆ ತಳಹದಿ ಹಾಕಿದ್ದರು. ಪಿಯೆರ್ ಆಂದ್ರೆ ಲಾಟ್ರೈ ಅದನ್ನು ವಿಸ್ತರಿಸಿದರು. ಎಲ್ಲ ಪಾದಗಳಲ್ಲೂ ಐದು ಗೆಣ್ಣುಗಳಿದ್ದರೆ ಒಂದು ವಿಭಾಗ, ನಾಲ್ಕಿದ್ದರೆ ಮತ್ತೊಂದು, ಮೂರಿದ್ದರೆ ಇನ್ನೊಂದು. 1807ರಲ್ಲಿ ಪೌಸಸ್ ಮತ್ತು ಅದರ ಸಮೀಪದ ಜಾತಿಗಳಿಗೆ ಪ್ರತ್ಯೇಕ ಕುಟುಂಬದ ಸ್ಥಾನವನ್ನು ಕೊಟ್ಟವರೂ ಲಾಟ್ರೈ ಅವರೇ. ಆದರೆ ನಾಲ್ಕು ಗೆಣ್ಣುಗಳ ವಿಭಾಗದಲ್ಲಿ, ಮರ ಕೊರೆಯುವ ಜೀರುಂಡೆಗಳ ನಡುವೆ ಅದನ್ನು ಇರಿಸಲಾಯಿತು. ಪೌಸಸ್ಸಿನ ಪಾದದ ಮೊದಲ ಗೆಣ್ಣು ಅತಿ ಚಿಕ್ಕದು; ಸುಲಭವಾಗಿ ಕಾಣುವುದಿಲ್ಲ. ಆ ಸಣ್ಣ ಗೆಣ್ಣನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಒಟ್ಟು ಐದಾಗುತ್ತವೆ. ಎಣಿಕೆಯ ಈ ಒಂದು ವ್ಯತ್ಯಾಸದಿಂದ ಇರುವೆ ಗೂಡಿನ ಬೇಟೆಗಾರ ಜೀರುಂಡೆ ಮರಕೊರಕಗಳ ಪಕ್ಕ ಸೇರುವಂತಾಯಿತು.

ಇಂಗ್ಲೆಂಡಿನ ಜಾನ್ ಒಬಡಾಯ ವೆಸ್ಟ್‌ವುಡ್ ಈ ಗುಂಪಿನ ಅಧ್ಯಯನವನ್ನು ವ್ಯವಸ್ಥಿತಗೊಳಿಸಿದವರು. 1833ರಲ್ಲಿ ಪ್ರಕಟವಾದ ಅವರ ದೀರ್ಘ ಪ್ರಬಂಧ, 1841 ಮತ್ತು 1845ರ ನಡುವಿನ ‘ಆರ್ಕಾನ ಎಂಟಮಾಲಜಿಕ’, 1874ರ ‘ಥೆಸಾರಸ್ ಎಂಟಮಾಲಜಿಕಸ್ ಆಕ್ಸೋನಿಯೆನ್ಸಿಸ್’ ಇವು ನಾಲ್ಕು ದಶಕಗಳ ನಿರಂತರ ಪರಿಶ್ರಮದ ಫಲ. 1861ರಿಂದ ಅವರು ಆಕ್ಸ್‌ಫರ್ಡಿನಲ್ಲಿ ಪ್ರಾಣಿಶಾಸ್ತ್ರದ ಮೊದಲ ಹೋಪ್ ಪ್ರಾಧ್ಯಾಪಕರಾಗಿದ್ದರು. ಪ್ಲಾಟಿರೋಪಾಲಸ್, ಪೆಂಟಪ್ಲಾಟಾರ್ಥ್ರಸ್ ಮೊದಲಾದ ಜಾತಿಗಳನ್ನು ಪೌಸಸ್ಸಿನಿಂದ ಪ್ರತ್ಯೇಕಿಸಿ ತೋರಿಸಿದವರು ಅವರು. ಈ ಹೆಸರುಗಳೇ ಅವರ ವಿಧಾನವನ್ನು ಸೂಚಿಸುತ್ತವೆ: ಒಂದರ ಅರ್ಥ ‘ಅಗಲವಾದ ಗದೆ’, ಮತ್ತೊಂದರದು ‘ಐದು ಚಪ್ಪಟೆ ಗೆಣ್ಣುಗಳುಳ್ಳದ್ದು’. ಎರಡೂ ಕುಡಿಮೀಸೆಯ ವರ್ಣನೆಗಳು.

ಇದೇ ಕಾಲದಲ್ಲಿ ಬೇರೊಂದು ದಿಕ್ಕಿನಿಂದ ಒಂದು ಸೂಚನೆ ಬಂದಿತು. ಜರ್ಮನಿಯ ಹರ್ಮನ್ ಬರ್ಮೈಸ್ಟರ್ 1841ರಲ್ಲಿ ಪೌಸಿಡೀಗಳ ಬಾಂಧವ್ಯವನ್ನು ಚರ್ಚಿಸುತ್ತ ಇವು ನೆಲಜೀರುಂಡೆಗಳ ಕುಟುಂಬವಾದ ಕೆರಬಿಡೀಗೆ, ವಿಶೇಷವಾಗಿ ಉಷ್ಣವಲಯದ ಓಜೀನ ಎಂಬ ಜಾತಿಗೆ ಹತ್ತಿರವೆಂದು ವಾದಿಸಿದರು. ಓಜೀನದ ಕುಡಿಮೀಸೆ ಸಾಮಾನ್ಯ ನೆಲಜೀರುಂಡೆಯದರಂತೆ ಸರಳವಾದ ಗೆಣ್ಣುಗಳ ಮಾಲೆ. ನೋಟಕ್ಕೆ ಅದರಲ್ಲಿ ಪೌಸಸ್ಸಿನ ಛಾಯೆಯೂ ಇಲ್ಲ. ಬರ್ಮೈಸ್ಟರ್ ಅವರ ಅಭಿಪ್ರಾಯ ಸರಿಯೆಂದು ಪೂರ್ಣವಾಗಿ ಸಿದ್ಧವಾಗಲು ಒಂದು ಶತಮಾನಕ್ಕೂ ಮಿಗಿಲಾದ ಕಾಲ ಹಿಡಿಯಿತು.

4. ಕುಡಿಮೀಸೆಯ ಸರಣಿ

ಜೀರುಂಡೆಗಳ ಕುಡಿಮೀಸೆಯಲ್ಲಿ ಸಾಧಾರಣವಾಗಿ ಹನ್ನೊಂದು ಗೆಣ್ಣುಗಳಿರುತ್ತವೆ. ಪೌಸಸ್ಸಿನಲ್ಲಿ ಮೇಲ್ನೋಟಕ್ಕೆ ಕಾಣುವುವು ಎರಡೇ: ಬುಡದ ಒಂದು ಗೆಣ್ಣು ಮತ್ತು ಅದರ ತುದಿಗೆ ಜೋಡಿಸಿದಂತಿರುವ ದೊಡ್ಡ ಗದೆ. ಎರಡನೆಯ ಗೆಣ್ಣು ತೀರ ಕಿರಿದಾಗಿ ಮರೆಯಾಗಿದ್ದು, ಉಳಿದ ಗೆಣ್ಣುಗಳೆಲ್ಲ ಬೆಸೆದು ಗದೆಯಾಗಿವೆ. ಈ ಗದೆ ಪ್ರಭೇದದಿಂದ ಪ್ರಭೇದಕ್ಕೆ ಭಿನ್ನ. ಕೆಲವದರಲ್ಲಿ ಗೋಳ, ಕೆಲವದರಲ್ಲಿ ಮಸೂರ, ಕೆಲವದರಲ್ಲಿ ದೋಣಿಯಂತೆ ಒಳಗೆ ತೋಡಿದ ಬಟ್ಟಲು, ಮತ್ತೆ ಕೆಲವದರಲ್ಲಿ ಹಲ್ಲುಗಳುಳ್ಳ ಕೊಂಬು.

ಇತರ ಜಾತಿಗಳಲ್ಲಿ ಬೇರೆ ಸಂಖ್ಯೆಗಳು ಕಂಡುಬರುತ್ತವೆ. ಸೆರಾಪ್ಟೆರಸ್ಸಿನಲ್ಲಿ ಹತ್ತು ಅಗಲವಾದ ಚಪ್ಪಟೆ ಗೆಣ್ಣುಗಳು, ಪೆಂಟಪ್ಲಾಟಾರ್ಥ್ರಸ್ಸಿನಲ್ಲಿ ಅದಕ್ಕಿಂತ ಕಡಿಮೆ, ಪ್ಲಾಟಿರೋಪಾಲಸ್ಸಿನಲ್ಲಿ ಎರಡು. 1892ರಲ್ಲಿ ಇಟಲಿಯ ಜಿನೋವ ವಸ್ತುಸಂಗ್ರಹಾಲಯದ ರಫಾಯೆಲ್ಲೊ ಜೆಸ್ಟ್ರೊ ಈ ಸಾಲಿಗೆ ಒಂದು ಮಹತ್ವದ ಕೊಂಡಿಯನ್ನು ಸೇರಿಸಿದರು. ಲಿಯೊನಾರ್ಡೊ ಫೇಯಾ ಎಂಬವರು ಬರ್ಮಾ ದೇಶದಲ್ಲಿ ಸಂಗ್ರಹಿಸಿದ್ದ ಜೀರುಂಡೆಯೊಂದರಲ್ಲಿ ಪೌಸಿಡೀಗಳ ದೇಹರಚನೆಯೊಡನೆ ಹನ್ನೊಂದು ಗೆಣ್ಣುಗಳ ಕುಡಿಮೀಸೆ ಇತ್ತು. ಜೆಸ್ಟ್ರೊ ಅದಕ್ಕೆ ‘ಪ್ರೋಟೋಪೌಸಸ್ ಫೇಯೆ’, ಅಂದರೆ ಫೇಯಾ ಅವರ ಆದಿ ಪೌಸಸ್, ಎಂದು ಹೆಸರಿಟ್ಟರು.

ಹನ್ನೊಂದರಿಂದ ಎರಡಕ್ಕೆ ಇಳಿಯುವ ಈ ಸರಣಿ ಸಹಜವಾಗಿಯೇ ವಿಕಾಸದ ಸೋಪಾನದಂತೆ ಕಂಡಿತು. ಅದನ್ನು ವಿಸ್ತಾರವಾಗಿ ಪ್ರತಿಪಾದಿಸಿದವರು ಜೆಸ್ಯುಟ್ ಪಾದ್ರಿ ಹಾಗೂ ಇರುವೆ ಗೂಡಿನ ಅತಿಥಿ ಕೀಟಗಳ ತಜ್ಞ ಎರಿಕ್ ವಾಸ್ಮನ್. ಇರುವೆಗಳೊಡನೆ ನಂಟು ಗಾಢವಾದಂತೆ ಕುಡಿಮೀಸೆಯ ಗೆಣ್ಣುಗಳು ಬೆಸೆದು, ಇರುವೆಗಳಿಗೆ ಪ್ರಿಯವಾದ ಸ್ರಾವವನ್ನು ಸೂಸುವ ಅಂಗವಾಗಿ ಅದು ಮಾರ್ಪಟ್ಟಿತೆಂಬುದು ಅವರ ಸಿದ್ಧಾಂತದ ಸಾರ. ಮಾನವನ ಆತ್ಮದ ವಿಷಯದಲ್ಲಿ ವಿಕಾಸವಾದವನ್ನು ಒಪ್ಪದಿದ್ದ ವಾಸ್ಮನ್ ಕೀಟಗಳ ವಿಷಯದಲ್ಲಿ ಅದನ್ನು ಬಲವಾಗಿ ಸಮರ್ಥಿಸಿದರು. ಪೌಸಿಡೀಗಳು ಅವರ ಮುಖ್ಯ ನಿದರ್ಶನಗಳಲ್ಲಿ ಒಂದಾಗಿದ್ದುವು. ಬಾಲ್ಟಿಕ್ ಪ್ರದೇಶದ ಶಿಲಾರಾಳದಲ್ಲಿ ಸಿಕ್ಕಿಕೊಂಡ ಪುರಾತನ ಪೌಸಿಡೀಗಳನ್ನೂ ಅವರು ಅಧ್ಯಯನ ಮಾಡಿದರು. ಆ ಕುರಿತ ಅವರ ಕೃತಿ 1929ರಲ್ಲಿ ಹೊರಬಂದಿತು.

ವಾಸ್ಮನ್ ಅವರ ಸರಣಿ ಆಕರ್ಷಕವಾದುದು. ಆದರೆ ಒಂದು ಅಂಶವನ್ನು ಅದು ಪರೀಕ್ಷೆಗೆ ಒಳಪಡಿಸಲಿಲ್ಲ. ಒಂದೇ ಬಗೆಯ ಕುಡಿಮೀಸೆ ಒಂದೇ ಬಾರಿ ಹುಟ್ಟಿತೆ, ಅಥವಾ ಬೇರೆ ಬೇರೆ ಕವಲುಗಳಲ್ಲಿ ಸ್ವತಂತ್ರವಾಗಿ ಮತ್ತೆ ಮತ್ತೆ ಹುಟ್ಟಿತೆ? ಈ ಪ್ರಶ್ನೆಗೆ ಕುಡಿಮೀಸೆಯಿಂದಲೇ ಉತ್ತರ ಪಡೆಯುವಂತಿರಲಿಲ್ಲ.

5. ಇರುವೆಗಳೊಡನೆ ಬಾಳು

ಕುಡಿಮೀಸೆಯ ರೂಪಕ್ಕೆ ಕಾರಣವೇನೆಂದು ತಿಳಿಯಲು ಗೂಡಿನೊಳಗಿನ ಜೀವನವನ್ನು ನೋಡಬೇಕಾಯಿತು. ದಕ್ಷಿಣ ಆಫ್ರಿಕಾದಲ್ಲಿ ಪೆರಿಂಗೀ 1883ರಲ್ಲಿ, ಏಷ್ಯಾ ಮೈನರಿನ ಪೌಸಸ್ ಟರ್ಸಿಕಸ್ಸನ್ನು ಕುರಿತು ಎಷರಿಕ್ 1899ರಲ್ಲಿ ತಮ್ಮ ಅವಲೋಕನಗಳನ್ನು ಪ್ರಕಟಿಸಿದರು. ಇರುವೆಗಳು ಜೀರುಂಡೆಯ ಮೈಯನ್ನು ನೆಕ್ಕುತ್ತವೆ. ಅದರ ಕುಡಿಮೀಸೆಯನ್ನು ದವಡೆಯಲ್ಲಿ ಹಿಡಿದು ಗೂಡಿನೊಳಗೆ ಎಳೆದಾಡುತ್ತವೆ. ಜೀರುಂಡೆಯ ತಲೆ, ಎದೆ ಮತ್ತು ಕುಡಿಮೀಸೆಗಳ ಮೇಲಿನ ಕೂದಲ ಗೊಂಚಲುಗಳ ಬುಡದಲ್ಲಿ ಸ್ರಾವಗ್ರಂಥಿಗಳಿವೆ.

ಆದರೆ ಈ ಅತಿಥಿ ನಿರುಪದ್ರವಿಯಲ್ಲ. ಪೌಸಸ್ ಫೇವಿಯೆರಿ ಎಂಬ ಪ್ರಭೇದವನ್ನು ಫ್ರಾನ್ಸಿನ ಲ ಮಾನ್ 1961ರಲ್ಲಿ ಅಭ್ಯಸಿಸಿ, ಅದು ತನಗೆ ಆಶ್ರಯ ಕೊಟ್ಟ ಫೀಡೋಲೆ ಇರುವೆಗಳ ಉದರವನ್ನು ಚುಚ್ಚಿ ರಸವನ್ನು ಹೀರುವುದನ್ನು ವರದಿ ಮಾಡಿದರು. 2015ರಲ್ಲಿ ಇಟಲಿಯ ಆಂಡ್ರಿಯಾ ಡಿ ಜೂಲಿಯೊ ಮತ್ತು ಸಂಗಡಿಗರು ಇದೇ ಪ್ರಭೇದ ದೇಹದ ಭಾಗಗಳನ್ನು ಉಜ್ಜಿ ಹೊರಡಿಸುವ ಸದ್ದುಗಳನ್ನು ದಾಖಲಿಸಿದರು. ಆ ಸದ್ದುಗಳು ರಾಣಿ, ಸೈನಿಕ ಮತ್ತು ಕೆಲಸಗಾರ ಇರುವೆಗಳ ಸದ್ದುಗಳನ್ನು ಹೋಲುತ್ತವೆ ಎಂದೂ, ಅವುಗಳಿಂದ ಇರುವೆಗಳ ನಡವಳಿಕೆ ಬದಲಾಗುತ್ತದೆಂದೂ ತೋರಿಸಿದರು. ವಾಸನೆ, ರುಚಿ, ಸದ್ದು ಮೂರರಿಂದಲೂ ಆತಿಥೇಯರನ್ನು ಒಲಿಸಿಕೊಂಡು ಅವರನ್ನೇ ತಿನ್ನುವ ಜೀವಿ ಇದು.

ವರ್ಗೀಕರಣದ ದೃಷ್ಟಿಯಿಂದ ಇದರ ಅರ್ಥವೇನು? ಕುಡಿಮೀಸೆ, ಕೂದಲ ಗೊಂಚಲು, ಎದೆಯ ತೋಡುಗಳು ಇರುವೆಯ ನೇರ ಸಂಪರ್ಕಕ್ಕೆ ಬರುವ ಭಾಗಗಳು. ಗೂಡಿನಲ್ಲಿ ಉಳಿಯುವುದು ಇವುಗಳ ಮೇಲೆ ನಿಂತಿದೆ. ಹೀಗಾಗಿ ಇವು ಬೇಗ ಮಾರ್ಪಡುವ ಭಾಗಗಳು. ಒಂದೇ ಬಗೆಯ ಬಾಳುವೆ ದೂರದ ಬಂಧುಗಳಲ್ಲೂ ಒಂದೇ ಬಗೆಯ ರೂಪವನ್ನು ತರಬಲ್ಲುದು. ಪ್ರಭೇದವನ್ನು ಗುರುತಿಸಲು ಇವು ಅತ್ಯುತ್ತಮ ಸಾಧನಗಳಾದರೂ ವಂಶವನ್ನು ತಿಳಿಸುವಲ್ಲಿ ವಿಶ್ವಾಸಾರ್ಹ ಸಾಕ್ಷಿಗಳಲ್ಲ.

6. ಮರಿಹುಳು, ಗ್ರಂಥಿ ಮತ್ತು ಮಡಿಕೆ

ವಿಶ್ವಾಸಾರ್ಹ ಸಾಕ್ಷ್ಯ ದೊರೆತದ್ದು ಯಾರೂ ಹೆಚ್ಚಾಗಿ ನೋಡದ ಮೂರು ಕಡೆಗಳಲ್ಲಿ.

ಮೊದಲನೆಯದು ಮರಿಹುಳು. 1907ರಲ್ಲಿ ಡೆನ್ಮಾರ್ಕಿನ ಬೋವಿಂಗ್ ಅವರು ಜಾವಾದ ಪೌಸಸ್ ಕನ್ನೆಗೀಟೆರಿಯ ಮರಿಹುಳುವನ್ನು ವಿವರಿಸಿದರು. ಅದರ ಉದರದ ತುದಿ ಬಿಲ್ಲೆಯಂತೆ ಚಪ್ಪಟೆಯಾಗಿತ್ತು. 1936ರಲ್ಲಿ ಫಾನ್ ಎಮ್ಡೆನ್ ಅವರು ನೆಲಜೀರುಂಡೆಗಳಿಗೂ ಪೌಸಿಡೀಗಳಿಗೂ ನಡುವಣ ಕೊಂಡಿಯೆನಿಸುವ ಮರಿಹುಳುವೊಂದನ್ನು ವಿವರಿಸಿದರು. ಓಜೀನದ ಬಳಗದ ಮರಿಹುಳುಗಳಲ್ಲಿಯೂ ಉದರದ ತುದಿ ಇದೇ ಬಗೆಯ ಬಿಲ್ಲೆಯಾಗಿರುತ್ತದೆಂದು ಮುಂದಿನ ಅಧ್ಯಯನಗಳಿಂದ ತಿಳಿದುಬಂದಿದೆ. ಪ್ರೌಢ ಜೀರುಂಡೆಗಳಲ್ಲಿ ಕಾಣದ ಹೋಲಿಕೆ ಮರಿಗಳಲ್ಲಿ ಉಳಿದುಕೊಂಡಿತ್ತು.

ಎರಡನೆಯದು ರಕ್ಷಣಾಗ್ರಂಥಿ. ಪೌಸಿಡೀಗಳನ್ನು ಕೆಣಕಿದರೆ ಉದರದ ತುದಿಯಿಂದ ಬಿಸಿಯಾದ ಕ್ವಿನೋನ್ ದ್ರವ ಸಿಡಿಯುತ್ತದೆ. ಗ್ರಂಥಿಯ ಒಂದು ಕೋಶದಲ್ಲಿ ಹೈಡ್ರೋಕ್ವಿನೋನ್ ಮತ್ತು ಹೈಡ್ರೊಜನ್ ಪೆರಾಕ್ಸೈಡುಗಳ ಸಂಗ್ರಹವಿರುತ್ತದೆ. ಪಕ್ಕದ ಕೋಶದಲ್ಲಿ ಕಿಣ್ವಗಳಿರುತ್ತವೆ. ಎರಡೂ ಕೂಡಿದೊಡನೆ ಕ್ರಿಯೆ ನಡೆದು ಶಾಖ ಹುಟ್ಟಿ ದ್ರವ ಹೊರಚಿಮ್ಮುತ್ತದೆ. ಓಜೀನದ ಬಳಗದಲ್ಲಿಯೂ ಇದೇ ಏರ್ಪಾಡು. ಅಮೆರಿಕದ ಅನೆಶಾನ್ಸ್ಲಿ, ತಾಮಸ್ ಐಸ್ನರ್ ಮತ್ತು ಸಂಗಡಿಗರು 1983ರಲ್ಲಿ ಈ ಅಲ್ಪಪರಿಚಿತ ಸಿಡಿಜೀರುಂಡೆಗಳ ಶಾಖ ಮತ್ತು ರಾಸಾಯನಿಕ ಕ್ರಿಯೆಯನ್ನು ಪರೀಕ್ಷಿಸಿ ಪ್ರಕಟಿಸಿದರು.

ಮೂರನೆಯದು ಒಂದು ಸಣ್ಣ ಮಡಿಕೆ. ಗಡುಸಾದ ಮೇಲುರೆಕ್ಕೆಯ ಹೊರ ಅಂಚಿನಲ್ಲಿ, ತುದಿಗೆ ಸಮೀಪವಾಗಿ ಒಂದು ಬಾಗಿದ ಏಣು ಇರುತ್ತದೆ. ಐಸ್ನರ್ ಮತ್ತು ಅನೆಶಾನ್ಸ್ಲಿ 1982ರಲ್ಲಿ ಇದರ ಕಾರ್ಯವನ್ನು ವಿವರಿಸಿದರು. ಹರಿಯುವ ದ್ರವ ಬಾಗಿದ ಮೇಲ್ಮೈಗೆ ಅಂಟಿಕೊಂಡು ಅದರ ಬಾಗಿಗೆ ತಕ್ಕಂತೆ ತಿರುಗುವುದಕ್ಕೆ ಭೌತಶಾಸ್ತ್ರದಲ್ಲಿ ಕೊಆಂಡ ಪರಿಣಾಮವೆಂದು ಹೆಸರು. ಜೀರುಂಡೆ ಉದರದ ತುದಿಯನ್ನು ಈ ಮಡಿಕೆಗೆ ತಾಗಿಸಿದಾಗ ಹಿಂದಕ್ಕೆ ಹೋಗಬೇಕಾದ ದ್ರವ ಮಡಿಕೆಯ ಮೇಲೆ ಬಾಗಿ ಮುಂದಕ್ಕೆ ಚಿಮ್ಮುತ್ತದೆ. ಅವರು ಪ್ರಯೋಗಕ್ಕೆ ಬಳಸಿದ್ದು ಓಜೀನದ ಬಳಗದ ಗೋನಿಯೋಟ್ರೋಪಿಸ್ ಎಂಬ ಜೀರುಂಡೆ. ಆ ಮಡಿಕೆ ಪೌಸಸ್ಸಿನಲ್ಲಿಯೂ ಇದೆ. ಇನ್ನೊಂದು ಸಂಬಂಧಿಯಾದ ಮೆಟ್ರಿಯಸ್ಸಿನಲ್ಲಿ ಮಡಿಕೆಯಿಲ್ಲ. ಅದರ ಸ್ರಾವ ನೊರೆಯಾಗಿ ಹೊರಬರುವುದನ್ನು 2000ದಲ್ಲಿ ಐಸ್ನರ್ ಮತ್ತು ಸಂಗಡಿಗರು ವರದಿ ಮಾಡಿದರು.

ಈ ಮೂರೂ ಸಾಕ್ಷ್ಯಗಳು ಒಂದೇ ಕಡೆಗೆ ಬೆರಳು ತೋರುತ್ತವೆ. ಪೌಸಿಡೀಗಳು ಪ್ರತ್ಯೇಕ ಕುಟುಂಬವಲ್ಲ. ನೆಲಜೀರುಂಡೆಗಳ ಕುಟುಂಬದ ಒಂದು ಕವಲು. ಇಂದು ಇವನ್ನು ಓಜೀನ ಮತ್ತು ಮೆಟ್ರಿಯಸ್‌ಗಳ ಬಳಗಗಳೊಡನೆ ಕೂಡಿಸಿ ಕೆರಬಿಡೀ ಕುಟುಂಬದ ಪೌಸಿನೇ ಉಪಕುಟುಂಬವೆಂದು ಪರಿಗಣಿಸಲಾಗುತ್ತದೆ. ಬರ್ಮೈಸ್ಟರ್ 1841ರಲ್ಲಿ ಸೂಚಿಸಿದ ದಿಕ್ಕು ಇದೇ.

7. ಭಾರತದ ಗ್ರಂಥಗಳಲ್ಲಿ ಪೌಸಸ್

ವರ್ಗೀಕರಣದ ಬದಲಾವಣೆ ಕೇವಲ ಪಾರಿಭಾಷಿಕ ಸಂಗತಿಯಲ್ಲ. ಯಾವ ಪುಸ್ತಕದಲ್ಲಿ ಏನನ್ನು ಹುಡುಕಬೇಕೆಂಬುದನ್ನೂ ಅದು ನಿರ್ಧರಿಸುತ್ತದೆ. ಭಾರತದ ಪ್ರಾಣಿಸಂಪತ್ತನ್ನು ಕುರಿತ ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯಲ್ಲಿ ಪೌಸಿಡೀಗಳನ್ನು ವಿವರಿಸಿದ ಸಂಪುಟ 1912ರಲ್ಲಿ ಪ್ರಕಟವಾಯಿತು. ಅದರ ಕರ್ತೃ ಫೌಲರ್. ಜೀರುಂಡೆಗಳ ಸಾಮಾನ್ಯ ಪೀಠಿಕೆಯೊಡನೆ ಹುಲಿಜೀರುಂಡೆಗಳ ಕುಟುಂಬವಾದ ಸಿಸಿಂಡೆಲಿಡೀ ಮತ್ತು ಪೌಸಿಡೀಗಳು ಆ ಸಂಪುಟದಲ್ಲಿ ಸೇರಿದ್ದುವು. ಕೆರಬಿಡೀಗಳನ್ನು ಕುರಿತ ಆಂಡ್ರ್ಯೂಸ್ ಅವರ ಸಂಪುಟಗಳು 1929 ಮತ್ತು 1935ರಲ್ಲಿ ಬೇರೆಯಾಗಿಯೇ ಹೊರಬಂದುವು. ಹೀಗೆ ಇಂದು ಒಂದೇ ಕುಟುಂಬವೆಂದು ಎಣಿಸುವ ಜೀರುಂಡೆಗಳು ಗ್ರಂಥಾಲಯಗಳ ಕಪಾಟಿನಲ್ಲಿ ಬೇರೆ ಬೇರೆ ಹೆಸರುಗಳ ಅಡಿಯಲ್ಲಿ ಕುಳಿತಿವೆ.

ಫೌಲರ್ ಅವರ ಸಂಪುಟದ ಎರಡು ಕುಟುಂಬಗಳ ಮುಂದಿನ ಗತಿ ಕುತೂಹಲಕರವಾದುದು. ಎರಡನ್ನೂ ಕಾಲಾನಂತರದಲ್ಲಿ ಬಹುಮಂದಿ ವಿದ್ವಾಂಸರು ಕೆರಬಿಡೀಗಳೊಳಗೆ ಸೇರಿಸಿದರು. ಆದರೆ 2020ರಲ್ಲಿ ಡುರಾನ್ ಮತ್ತು ಗಫ್ ಹುಲಿಜೀರುಂಡೆಗಳು ಪ್ರತ್ಯೇಕ ಕುಟುಂಬವೇ ಎಂದು ಮತ್ತೆ ಪ್ರತಿಪಾದಿಸಿದರು. ಒಂದೇ ಸಂಪುಟದ ಎರಡು ಗುಂಪುಗಳಲ್ಲಿ ಒಂದು ಒಳಗೆ ಉಳಿಯಿತು, ಮತ್ತೊಂದಕ್ಕೆ ಹೊರಗಿನ ದಾರಿ ಪುನಃ ತೆರೆಯಿತು. ಹಳೆಯ ಸಂಪುಟಗಳ ವಿವರಣೆಗಳು ಇದರಿಂದ ನಿರುಪಯುಕ್ತವಾಗುವುದಿಲ್ಲ. ಪ್ರಭೇದಗಳ ವಿವರಣೆಗೆ ಫೌಲರ್ ಇಂದಿಗೂ ಆಧಾರ. ಬಾಂಧವ್ಯದ ವಿಷಯದಲ್ಲಿ ಮಾತ್ರ ಅನಂತರದ ಸಾಹಿತ್ಯವನ್ನು ನೋಡಬೇಕು. ಈ ವ್ಯತ್ಯಾಸವನ್ನು ಅರಿಯದೆ ಸೂಚಿಗಳನ್ನು ಸಿದ್ಧಪಡಿಸಿದರೆ ಒಂದೇ ಪ್ರಾಣಿಯ ದಾಖಲೆಗಳು ಎರಡು ಕಡೆ ಹಂಚಿಹೋಗುತ್ತವೆ.

8. ಅಣು ಮಟ್ಟದ ಸಾಕ್ಷ್ಯ

ಇಪ್ಪತ್ತನೆಯ ಶತಮಾನದಲ್ಲಿ ಪೌಸಿಡೀಗಳ ಅಧ್ಯಯನ ಮುಂದುವರಿಯಿತು. ಅಮೆರಿಕದ ಡಾರ್ಲಿಂಗ್ಟನ್ 1950ರಲ್ಲಿ ವಿಸ್ತಾರವಾದ ಸಮೀಕ್ಷೆಯನ್ನು ಪ್ರಕಟಿಸಿದರು. ಪೋರ್ಚುಗಲ್ಲಿನ ಲೂನ ದ ಕಾರ್ವಾಲ್ಯೊ ಹಲವು ದಶಕಗಳ ಕಾಲ ಪ್ರಭೇದಗಳನ್ನು ವಿವರಿಸುತ್ತ ಪೌಸಸ್ ಜಾತಿಯನ್ನು ಅನೇಕ ಗುಂಪುಗಳಾಗಿ ವಿಂಗಡಿಸಿದರು. ಈ ವಿಂಗಡಣೆಗಳಿಗೂ ಬಹುಮಟ್ಟಿಗೆ ಕುಡಿಮೀಸೆ ಮತ್ತು ಎದೆಭಾಗದ ರೂಪವೇ ಆಧಾರ.

ಅವನ್ನು ಸ್ವತಂತ್ರವಾಗಿ ಪರೀಕ್ಷಿಸುವ ಅವಕಾಶ ಡಿಎನ್ಎ ಅಧ್ಯಯನಗಳಿಂದ ಒದಗಿತು. ವೆಂಡಿ ಮೂರ್ ಮತ್ತು ಜೇಮ್ಸ್ ರಾಬರ್ಟ್‌ಸನ್ 2014ರಲ್ಲಿ, ಇರುವೆ ಗೂಡಿನ ಈ ಜೀರುಂಡೆಗಳು ಅಲ್ಪಕಾಲದಲ್ಲಿ, ವಿಶೇಷವಾಗಿ ಮಡಗಾಸ್ಕರಿನಲ್ಲಿ, ಅತಿ ಶೀಘ್ರವಾಗಿ ಕವಲೊಡೆದು ವಿಪುಲವಾದ ರೂಪವೈವಿಧ್ಯವನ್ನು ಪಡೆದುವೆಂದು ತೋರಿಸಿದರು. 2017ರಲ್ಲಿ ಪ್ರಕಟವಾದ ಅವರ ಮತ್ತೊಂದು ಅಧ್ಯಯನ ಪೌಸಸ್ ಜಾತಿಯ ವಂಶವೃಕ್ಷವನ್ನು ರಚಿಸಿತು. ಇರುವೆಗಳೊಡನೆ ಬಾಳುವುದಕ್ಕೆ ಸಂಬಂಧಿಸಿದ ರೂಪಗಳು ದೂರದ ಕವಲುಗಳಲ್ಲಿ ಸ್ವತಂತ್ರವಾಗಿ ಮತ್ತೆ ಮತ್ತೆ ಹುಟ್ಟಿವೆ ಎಂಬುದು ಅದರ ಮುಖ್ಯ ನಿರ್ಣಯ. ರೂಪದ ಹೋಲಿಕೆಯನ್ನು ನೆಚ್ಚಿ ಮಾಡಿದ ಒಳವಿಂಗಡಣೆಗಳಲ್ಲಿ ಹಲವು ಸಹಜವಾದ ವಂಶಗಳಲ್ಲವೆಂದು ಅದರಿಂದ ತಿಳಿಯಿತು.

ಹನ್ನೊಂದರಿಂದ ಎರಡಕ್ಕೆ ಇಳಿಯುವ ಸರಣಿಯನ್ನು ಕಂಡ ವಾಸ್ಮನ್ ಅವರ ಗ್ರಹಿಕೆ ಇದರಿಂದ ಪೂರ್ತಿಯಾಗಿ ಬಿದ್ದುಹೋಗುವುದಿಲ್ಲ. ಇರುವೆಗಳ ಸಹವಾಸವೇ ಈ ಅಂಗವನ್ನು ರೂಪಿಸಿತೆಂಬ ಅವರ ಮೂಲ ವಿಚಾರ ಇನ್ನಷ್ಟು ದೃಢವಾಗಿದೆ. ಬದಲಾದದ್ದು ಅದರಿಂದ ತೆಗೆದ ವಂಶಾವಳಿ. ಒಂದೇ ಮೆಟ್ಟಿಲ ಸಾಲೆಂದು ತೋರಿದ್ದು ವಾಸ್ತವದಲ್ಲಿ ಹಲವು ಕವಲುಗಳ ಮರ.

9. ಮಾದರಿಯನ್ನು ಗುರುತಿಸುವ ಕ್ರಮ

ಈ ಚರಿತ್ರೆಯ ಬೆಳಕಿನಲ್ಲಿ, ಕರ್ನಾಟಕವೂ ಸೇರಿದಂತೆ ದಕ್ಷಿಣ ಭಾರತದಲ್ಲಿ ಜೀರುಂಡೆಗಳನ್ನು ಸಂಗ್ರಹಿಸಿ ವಿಂಗಡಿಸುವವರು ಅನುಸರಿಸಬಹುದಾದ ಕ್ರಮವನ್ನು ಸಂಗ್ರಹವಾಗಿ ಹೇಳಬಹುದು. ಪೌಸಿಡೀಗಳು ಇರುವೆ ಗೂಡುಗಳಲ್ಲಿ ಅಲ್ಲದೆ ರಾತ್ರಿ ದೀಪಗಳ ಬಳಿಯೂ ದೊರೆಯುತ್ತವೆ.

ಮೊದಲು ಮಾದರಿಯ ಕೆಳಭಾಗವನ್ನು ನೋಡಬೇಕು. ಹಿಂಗಾಲಿನ ಬುಡದ ಖಂಡ ಉದರದ ಮೊದಲ ಫಲಕವನ್ನು ಇಬ್ಭಾಗಿಸಿದ್ದರೆ ಅದು ನೆಲಜೀರುಂಡೆಗಳನ್ನು ಒಳಗೊಂಡ ಅಡೆಫಾಗ ಎಂಬ ಉಪಗಣಕ್ಕೆ ಸೇರಿದುದು. ಅನಂತರ ಮೇಲುರೆಕ್ಕೆಯ ಹೊರ ಅಂಚಿನ ತುದಿಯಲ್ಲಿ ಮಡಿಕೆಯಿದೆಯೆ ಎಂದು ಪರೀಕ್ಷಿಸಬೇಕು. ಅದಿದ್ದರೆ ಪೌಸಿನೇ ಉಪಕುಟುಂಬ ನಿಶ್ಚಿತವಾದಂತೆ. ಆಮೇಲೆ ಕುಡಿಮೀಸೆಯ ಗೆಣ್ಣುಗಳನ್ನು ಎಣಿಸಬೇಕು. ಹನ್ನೊಂದು ಸರಳ ಗೆಣ್ಣುಗಳಿದ್ದರೆ ಓಜೀನದ ಬಳಗ. ಹತ್ತು ಚಪ್ಪಟೆ ಗೆಣ್ಣುಗಳಿದ್ದರೆ ಸೆರಾಪ್ಟೆರಸ್ಸಿನ ಕಡೆ. ಎರಡು ಮಾತ್ರ ಕಂಡರೆ ಪೌಸಸ್, ಪ್ಲಾಟಿರೋಪಾಲಸ್ ಮತ್ತು ಅವುಗಳ ಸಮೀಪದ ಜಾತಿಗಳು. ಗದೆಯ ಆಕಾರ, ಎದೆಭಾಗದ ಅಡ್ಡತೋಡು, ಕೂದಲ ಗೊಂಚಲುಗಳ ಸ್ಥಾನ ಇವುಗಳಿಂದ ಪ್ರಭೇದವನ್ನು ನಿರ್ಣಯಿಸಬಹುದು.

ಈ ಅನುಕ್ರಮಕ್ಕೆ ಒಂದು ಪ್ರಾಯೋಗಿಕ ಪ್ರಯೋಜನವೂ ಉಂಟು. ಹಳೆಯ ಸಂಗ್ರಹಗಳಲ್ಲಿ ಕುಡಿಮೀಸೆ ಮುರಿದ ಮಾದರಿಗಳು ಅಪರೂಪವಲ್ಲ. ಕುಡಿಮೀಸೆಯನ್ನೇ ನೆಚ್ಚಿದರೆ ಅಂಥ ಮಾದರಿ ಹೆಸರಿಲ್ಲದ ಪೆಟ್ಟಿಗೆಗೆ ಸೇರುತ್ತದೆ. ಮಡಿಕೆಯನ್ನು ನೋಡಿದರೆ ಕಡೆಯ ಪಕ್ಷ ಉಪಕುಟುಂಬ ತಿಳಿಯುತ್ತದೆ. ಗೂಡಿನಲ್ಲಿ ಸಿಕ್ಕ ಜೀರುಂಡೆಯೊಡನೆ ಅದೇ ಗೂಡಿನ ಕೆಲವು ಇರುವೆಗಳನ್ನೂ ಸ್ಥಳ ಮತ್ತು ದಿನಾಂಕಗಳ ಚೀಟಿಯೊಡನೆ ಒಟ್ಟಿಗೆ ಕಾದಿಡುವುದು ಅತ್ಯಗತ್ಯ. ಡೊನೊವನ್ ಅವರ ಕಾಲದ ಮಾದರಿಗಳಿಂದ ಇಂದು ತಿಳಿಯಲಾಗದೆ ಹೋಗಿರುವುದು ಇದೇ ಮಾಹಿತಿ.

10. ಉಪಸಂಹಾರ

ಈ ಜೀರುಂಡೆಗಳಿಗೆ ಬಳಕೆಯಲ್ಲಿರುವ ರೂಢಿಯ ಹೆಸರುಗಳಲ್ಲಿಯೇ ಅಧ್ಯಯನದ ಹಂತಗಳನ್ನು ಗುರುತಿಸಬಹುದು. ಜರ್ಮನ್ ಭಾಷೆಯಲ್ಲಿ ಇವು ‘ಮೀಸೆ ಜೀರುಂಡೆಗಳು’. ಇಂಗ್ಲಿಷಿನಲ್ಲಿ ‘ಇರುವೆ ಗೂಡಿನ ಜೀರುಂಡೆಗಳು’. ಇಡೀ ಉಪಕುಟುಂಬಕ್ಕೆ ಅಲ್ಲಿಯೇ ಇನ್ನೊಂದು ಹೆಸರು ‘ಮಡಿಕೆಯುಳ್ಳ ಸಿಡಿಜೀರುಂಡೆಗಳು’. ಮೊದಲನೆಯದು ಕಣ್ಣಿಗೆ ಕಂಡ ಅಂಗವನ್ನು, ಎರಡನೆಯದು ಬಾಳುವ ನೆಲೆಯನ್ನು, ಮೂರನೆಯದು ಬಾಂಧವ್ಯವನ್ನು ತಿಳಿಸುವ ಲಕ್ಷಣವನ್ನು ಹೇಳುತ್ತದೆ.

ಲಿನೇಯಸ್ ಅವರಿಂದ ಇಂದಿನವರೆಗಿನ ಈ ಎರಡೂವರೆ ಶತಮಾನಗಳ ಅನುಭವದಿಂದ ಸ್ಪಷ್ಟವಾಗುವ ಅಂಶ ಒಂದು. ಒಂದು ಜೀವಿಯನ್ನು ಇತರ ಜೀವಿಗಳಿಂದ ಬೇರ್ಪಡಿಸಿ ತೋರಿಸುವ ಲಕ್ಷಣ, ಅದನ್ನು ಅದರ ಬಂಧುಗಳೊಡನೆ ಕೂಡಿಸುವ ಲಕ್ಷಣವಾಗಿರಬೇಕಾಗಿಲ್ಲ. ಪೌಸಸ್ಸನ್ನು ಅಸಾಮಾನ್ಯವೆನಿಸಿದ ಕುಡಿಮೀಸೆ ಅದನ್ನು ಒಂಟಿಯಾಗಿಸಿತು. ರೆಕ್ಕೆಯಂಚಿನ ಅಲ್ಪವಾದ ಮಡಿಕೆ ಅದನ್ನು ತನ್ನ ಬಳಗಕ್ಕೆ ಮರಳಿಸಿತು. ಗುರುತಿಸುವ ಸೂಚಿಗಳನ್ನು ರಚಿಸುವವರೂ ವಂಶಾವಳಿಯನ್ನು ಶೋಧಿಸುವವರೂ ಈ ವ್ಯತ್ಯಾಸವನ್ನು ಗಮನದಲ್ಲಿಟ್ಟುಕೊಂಡಲ್ಲಿ, ಇನ್ನೂ ಸರಿಯಾದ ಅಧ್ಯಯನಕ್ಕೆ ಒಳಪಡದ ಇತರ ಕೀಟಜಾತಿಗಳ ವರ್ಗೀಕರಣಕ್ಕೂ ಅದು ನೆರವಾಗುತ್ತದೆ.